14 ಸ್ಕ್ರಿಪ್ಟ್‌ಗಳಿಗೆ ಒಂದೇ ಹತಾರ ಪೆಟ್ಟಿಗೆ

ನನ್ನ ಹತ್ತಿರ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ 14 ಸಣ್ಣ ಪ್ರೋಗ್ರಾಂಗಳು, ಅಂದರೆ ಸ್ಕ್ರಿಪ್ಟ್‌ಗಳು ಇವೆ. ಎಲ್ಲವೂ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ ಓಡುವಂಥವು. ಒಂದು ಫೈಲ್‌ಗಳ ಹೆಸರು ಬದಲಿಸುತ್ತದೆ. ಒಂದು ಸಿಎಸ್‌ವಿ ಫೈಲ್‌ಗಳಲ್ಲಿರುವ (ಅಲ್ಪವಿರಾಮದಿಂದ ಬೇರ್ಪಡಿಸಿದ ಮಾಹಿತಿಯ ಪಟ್ಟಿಗಳು) ಕಸ ತೆಗೆಯುತ್ತದೆ. ಇನ್ನೊಂದು ರಾತ್ರಿ ಹೊತ್ತು ಬ್ಯಾಕಪ್ ತೆಗೆಯುತ್ತದೆ. ಯಾವುದೂ ದೊಡ್ಡದಲ್ಲ, ಆದರೆ ದಿನಾ ಬೇಕು. ಮೊದಲೆಲ್ಲ ಹೊಸ ಸ್ಕ್ರಿಪ್ಟ್ ಬೇಕಾದಾಗ ಹಳೆಯದೊಂದನ್ನು ಕಾಪಿ ಮಾಡುತ್ತಿದ್ದೆ. ನಡುವಿನ ಭಾಗ ಅಳಿಸಿ ಹೊಸದನ್ನು ಬರೆಯುತ್ತಿದ್ದೆ. ಮೇಲಿನ ಮೂವತ್ತು ಸಾಲು, ಕೆಳಗಿನ ಇಪ್ಪತ್ತು ಸಾಲು ಎಲ್ಲದರಲ್ಲೂ ಒಂದೇ. ಕೆಲಸ ಬೇಗ ಮುಗಿಯುತ್ತಿತ್ತು, ಹಾಗಾಗಿ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ.

ಒಂದು ದಿನ ಸಿಎಸ್‌ವಿ ಸ್ಕ್ರಿಪ್ಟ್ ಓಡುತ್ತಿರುವಾಗ ತಪ್ಪು ಫೋಲ್ಡರ್ ಕೊಟ್ಟಿದ್ದೇನೆ ಅಂತ ಗೊತ್ತಾಗಿ ಕಂಟ್ರೋಲ್ ಸಿ ಒತ್ತಿದೆ. ಸ್ಕ್ರಿಪ್ಟ್ ನಿಂತಿತು. ಆದರೆ ಅದು ಆಗ ಬರೆಯುತ್ತಿದ್ದ ಫೈಲ್‌ನಲ್ಲಿ ಅರ್ಧ ಮಾತ್ರ ಉಳಿದಿತ್ತು. ಫೈಲನ್ನು ಬರೆಯಲು ತೆರೆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ, ಅಲ್ವಾ? ಹೊಸದು ಪೂರ್ತಿ ಬರೆಯುವ ಮೊದಲೇ ನಾನು ನಿಲ್ಲಿಸಿದ್ದೆ. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಆ ದಿನ ಕೂತು ತಿದ್ದಿದ್ದು ಮಾತ್ರ ಹೋಯಿತು. ಆ ಸ್ಕ್ರಿಪ್ಟನ್ನು ಅವತ್ತೇ ಸರಿ ಮಾಡಿದೆ.

ನಾಲ್ಕು ತಿಂಗಳ ಮೇಲೆ ಬೇರೊಂದು ಸ್ಕ್ರಿಪ್ಟ್‌ನಲ್ಲಿ ಅದೇ ಆಯಿತು. ಅದೇ ಕೋಡ್, ಅದೇ ತಪ್ಪು. ನಾನು ತಿದ್ದಿದ್ದು ಒಂದು ಕಾಪಿಯನ್ನು. ಫೈಲ್ ಬರೆಯುವ ಉಳಿದ ಏಳು ಕಾಪಿಗಳಲ್ಲಿ ತಪ್ಪು ಹಾಗೇ ಕೂತಿತ್ತು. ಇದು ನನಗೆ ತುಂಬ ಕಾಡಿತು. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಬೇರೆ ಮಾತು. ಇದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು, ತಲುಪಬೇಕಾದ ಕಡೆಗೆ ತಲುಪಿರಲಿಲ್ಲ. ಎಲ್ಲ ಸ್ಕ್ರಿಪ್ಟ್‌ಗಳೂ ಬಳಸುವ ಫಂಕ್ಷನ್‌ಗಳನ್ನು (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡುಗಳು) ಒಂದು ಕಡೆ ಇಡಬೇಕು ಅಂತ ಆ ಸಂಜೆ ತೀರ್ಮಾನಿಸಿದೆ.

ಮೊದಲು ಮಾಡಿದ್ದು ಕೋಡ್ ಬರೆಯುವುದಲ್ಲ, ಓದುವುದು. ಎಲ್ಲ ಸ್ಕ್ರಿಪ್ಟ್‌ಗಳನ್ನೂ ತೆರೆದು, ಯಾವ ತುಂಡು ಎಷ್ಟು ಕಡೆ ಇದೆ ಅಂತ ಹಾಳೆಯ ಮೇಲೆ ಬರೆದುಕೊಂಡೆ. ಮೂರು ಅಥವಾ ಅದಕ್ಕಿಂತ ಜಾಸ್ತಿ ಕಡೆ ಇದ್ದದ್ದು ಮಾತ್ರ ಒಳಗೆ ಬರಬೇಕು ಅಂತ ಗೆರೆ ಎಳೆದೆ. ಎರಡೇ ಕಡೆ ಇದ್ದರೆ ಅವೆರಡೂ ನಿಜವಾಗಿ ಒಂದೇ ಕೆಲಸವೋ, ನೋಡಲು ಮಾತ್ರ ಒಂದೇ ತರಹವೋ ಅಂತ ಹೇಳುವುದು ಕಷ್ಟ. ಮೂರನೆಯದು ಬಂದಾಗ ಅದು ಗೊತ್ತಾಗುತ್ತದೆ.

ಮೊದಲು ಬಂದದ್ದು ಫೈಲ್ ಬರೆಯುವ ಫಂಕ್ಷನ್. ಕೆಲಸ ಹೇಳಲು ಸುಲಭ. ಎಲ್ಲವನ್ನೂ ಒಂದು ತಾತ್ಕಾಲಿಕ ಫೈಲ್‌ಗೆ ಬರೆಯಬೇಕು. ಪೂರ್ತಿ ಆದ ಮೇಲೆ ಅದನ್ನು ಹಳೆಯ ಫೈಲ್‌ನ ಜಾಗಕ್ಕೆ ತಂದು ಕೂರಿಸಬೇಕು. ಇದಕ್ಕೆ ಪೈಥಾನ್ 3.3ರಿಂದ ಓಎಸ್ ಮಾಡ್ಯೂಲ್‌ನಲ್ಲಿ (ಮಾಡ್ಯೂಲ್ ಅಂದರೆ ಬೇರೆ ಪ್ರೋಗ್ರಾಂಗಳು ತೆಗೆದುಕೊಂಡು ಬಳಸುವ ಕೋಡ್‌ನ ಕಟ್ಟು) ರಿಪ್ಲೇಸ್ ಅನ್ನುವ ಫಂಕ್ಷನ್ ಇದೆ. ಲಿನಕ್ಸ್‌ನಲ್ಲಿ ಆ ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಓದುವವರಿಗೆ ಹಳೆಯದು ಪೂರ್ತಿ ಸಿಗುತ್ತದೆ, ಇಲ್ಲವೇ ಹೊಸದು ಪೂರ್ತಿ ಸಿಗುತ್ತದೆ. ಅರ್ಧಂಬರ್ಧ ಸಿಗುವ ಮಾತೇ ಇಲ್ಲ.

ಆದರೆ ಈ ಹತ್ತು ಸಾಲಿನ ಫಂಕ್ಷನ್‌ನಲ್ಲಿ ಎಷ್ಟು ಮೂಲೆಗಳಿವೆ ಅಂತ ಆಮೇಲೆ ಗೊತ್ತಾಯಿತು. ತಾತ್ಕಾಲಿಕ ಫೈಲನ್ನು ಮೊದಲು ಸಿಸ್ಟಮ್‌ನ ಟೆಂಪ್ ಫೋಲ್ಡರ್‌ನಲ್ಲಿ ಮಾಡುತ್ತಿದ್ದೆ. ಒಂದು ಮಷಿನ್‌ನಲ್ಲಿ ಅದು ಬೇರೆ ಫೈಲ್ ಸಿಸ್ಟಮ್ ಮೇಲಿತ್ತು, ಅಂದರೆ ಬೇರೆಯೇ ಸಂಗ್ರಹ ಜಾಗದಲ್ಲಿ. ರಿಪ್ಲೇಸ್ ಅಲ್ಲಿಂದ ಇಲ್ಲಿಗೆ ದಾಟುವುದಿಲ್ಲ, ಎರರ್ ಕೊಡುತ್ತದೆ. ಹಾಗಾಗಿ ತಾತ್ಕಾಲಿಕ ಫೈಲ್ ಯಾವಾಗಲೂ ಮೂಲ ಫೈಲ್ ಇರುವ ಫೋಲ್ಡರ್‌ನಲ್ಲೇ ಹುಟ್ಟಬೇಕು. ಇನ್ನೊಂದು ಪರ್ಮಿಷನ್ ವಿಷಯ. ಪೈಥಾನ್‌ನ ಟೆಂಪ್‌ಫೈಲ್ ಮಾಡ್ಯೂಲ್ ಮಾಡುವ ಫೈಲನ್ನು ಅದರ ಮಾಲೀಕ ಮಾತ್ರ ಓದಬಹುದು, ಬರೆಯಬಹುದು. ಲಿನಕ್ಸ್‌ನ ಅಂಕಿಯಲ್ಲಿ ಅದು 0600. ಅದನ್ನೇ ತಂದು ಕೂರಿಸಿದರೆ ನಿನ್ನೆಯವರೆಗೆ ಎಲ್ಲರೂ ಓದುತ್ತಿದ್ದ ಫೈಲ್ ಇವತ್ತು ಬೇರೆ ಯಾರಿಗೂ ತೆರೆಯುವುದಿಲ್ಲ. ಹಳೆಯ ಫೈಲ್‌ನ ಪರ್ಮಿಷನ್ ಕಾಪಿ ಮಾಡುವ ಒಂದು ಸಾಲು ಸೇರಿಸಿದೆ. ಮೂರನೆಯದು ಸಿಮ್‌ಲಿಂಕ್, ಅಂದರೆ ಬೇರೊಂದು ಫೈಲನ್ನು ತೋರಿಸುವ ಹೆಸರು. ಕೊಟ್ಟ ಹೆಸರು ಲಿಂಕ್ ಆಗಿದ್ದರೆ ರಿಪ್ಲೇಸ್ ಆ ಲಿಂಕನ್ನೇ ತೆಗೆದು ಹಾಕುತ್ತದೆ. ಅದು ತೋರಿಸುತ್ತಿದ್ದ ಅಸಲಿ ಫೈಲ್ ಹಳೆಯದಾಗಿಯೇ ಉಳಿಯುತ್ತದೆ. ಅದಕ್ಕೆ ಮೊದಲು ನಿಜವಾದ ದಾರಿ ಹುಡುಕಿಕೊಂಡು ಆಮೇಲೆ ಬರೆಯಬೇಕು.

ಈ ಮೂರನ್ನೂ ಕಂಡುಕೊಳ್ಳಲು ಸುಮಾರು ಒಂದು ವರ್ಷ ಹಿಡಿಯಿತು. ಪ್ರತಿ ಸಲವೂ ತಿದ್ದಿದ್ದು ಒಂದೇ ಜಾಗದಲ್ಲಿ. ಫೈಲ್ ಬರೆಯುವ ಅಷ್ಟೂ ಸ್ಕ್ರಿಪ್ಟ್‌ಗಳು ಅದೇ ದಿನ ಸರಿಯಾದವು. ಸಾಲುಗಳು ಕಡಿಮೆಯಾಗುತ್ತವೆ ಅಂತ ಹಂಚಿಕೊಂಡ ಫಂಕ್ಷನ್‌ಗಳನ್ನು ಹೊಗಳುತ್ತಾರೆ. ನನಗೆ ಅದು ದೊಡ್ಡ ಲಾಭ ಅನ್ನಿಸಲೇ ಇಲ್ಲ. ಒಂದು ಸಲ ಕಲಿತದ್ದು ಎಲ್ಲ ಕಡೆಗೂ ತಲುಪುತ್ತದೆಯಲ್ಲ, ಅದಕ್ಕಾಗಿಯೇ ನಾನು ಇದನ್ನು ಕಾಪಾಡಿಕೊಂಡು ಬಂದಿದ್ದೇನೆ.

ಎರಡನೆಯದು ಸಂದೇಶಗಳು. ಒಂದು ಸ್ಕ್ರಿಪ್ಟ್ ತಿದ್ದಬೇಕಾದ ಫೈಲ್‌ಗಳ ಪಟ್ಟಿ ಕೊಡುತ್ತಿತ್ತು. ಇನ್ನೊಂದು ಆ ಪಟ್ಟಿಯನ್ನು ಪೈಪ್ ಮೂಲಕ (ಒಂದರ ಔಟ್‌ಪುಟ್ ನೇರ ಇನ್ನೊಂದಕ್ಕೆ ಹೋಗುವ ದಾರಿ) ತೆಗೆದುಕೊಂಡು ಕೆಲಸ ಮಾಡುತ್ತಿತ್ತು. ಮೊದಲನೆಯದರ ಕೊನೆಯಲ್ಲಿ ‘ಒಟ್ಟು 3 ಫೈಲ್ ಸಿಕ್ಕವು’ ಅಂತ ಒಂದು ಸಾಲು ಪ್ರಿಂಟ್ ಆಗುತ್ತಿತ್ತು. ಎರಡನೆಯದು ಅದನ್ನೂ ಫೈಲ್‌ನ ಹೆಸರು ಅಂದುಕೊಂಡು ಹುಡುಕಿತು. ಆಗಿನಿಂದ ನಿಯಮ ಒಂದೇ. ಕೇಳಿದ ಉತ್ತರ ಎಸ್‌ಟಿಡಿ ಔಟ್‌ಗೆ (ಪೈಪ್‌ಗೆ ಹೋಗುವ ಔಟ್‌ಪುಟ್), ಉಳಿದ ಮಾತೆಲ್ಲ ಎಸ್‌ಟಿಡಿ ಎರರ್‌ಗೆ (ಪೈಪ್‌ಗೆ ಹೋಗದ ಇನ್ನೊಂದು ಔಟ್‌ಪುಟ್). ಇದಕ್ಕಾಗಿ ಹೇಳು, ಎಚ್ಚರಿಸು ಅಂತ ಎರಡು ಪುಟ್ಟ ಫಂಕ್ಷನ್ ಮಾಡಿದೆ. ಬಣ್ಣ ಹಾಕುವುದೂ ಅವುಗಳ ಕೆಲಸವೇ. ಎದುರಿಗೆ ನಿಜವಾದ ಟರ್ಮಿನಲ್ ಇದೆಯೋ ಅಂತ ನೋಡಿ, ಇದ್ದರೆ ಮಾತ್ರ ಬಣ್ಣ. ಇಲ್ಲದಿದ್ದರೆ ಲಾಗ್ ಫೈಲ್ ತುಂಬ ಅರ್ಥವಿಲ್ಲದ ಬಣ್ಣದ ಕೋಡ್‌ಗಳು ತುಂಬಿಕೊಳ್ಳುತ್ತವೆ. ನೋ ಕಲರ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದುವ ಒಂದು ಸೆಟ್ಟಿಂಗ್) ಇಟ್ಟವರಿಗೂ ಬಣ್ಣ ಬೇಡ.

ನಿಲ್ಲಿಸು ಅನ್ನುವ ಮೂರನೆಯ ಫಂಕ್ಷನ್‌ನಲ್ಲಿ ನಾನು ಎಡವಿದೆ. ತಪ್ಪು ಕಂಡರೆ ಸಂದೇಶ ಕೊಟ್ಟು ಪ್ರೋಗ್ರಾಂ ಮುಗಿಸುವುದು ಅದರ ಕೆಲಸ. ಅದರೊಳಗೆ ನೇರವಾಗಿ ಸಿಸ್ ಎಕ್ಸಿಟ್ ಕರೆದಿದ್ದೆ. ಒಂದು ಸ್ಕ್ರಿಪ್ಟ್ 200 ಫೈಲ್‌ಗಳನ್ನು ಸಾಲಾಗಿ ನೋಡಬೇಕಿತ್ತು. ಕೆಟ್ಟ ಫೈಲ್ ಸಿಕ್ಕರೆ ಅದನ್ನು ಬಿಟ್ಟು ಮುಂದೆ ಹೋಗಲಿ ಅಂತ ಎಕ್ಸೆಪ್ಟ್ ಎಕ್ಸೆಪ್ಷನ್ ಹಾಕಿದ್ದೆ, ಅಂದರೆ ತಪ್ಪಾದಾಗ ಎಸೆಯುವ ಸೂಚನೆಯನ್ನು (ಎಕ್ಸೆಪ್ಷನ್) ಹಿಡಿಯುವ ಸಾಲು. ಅದು ಹನ್ನೆರಡನೆಯ ಫೈಲ್‌ಗೇ ನಿಂತುಬಿಟ್ಟಿತು. ಸಿಸ್ ಎಕ್ಸಿಟ್ ಎಸೆಯುವ ಸಿಸ್ಟಮ್ ಎಕ್ಸಿಟ್ ಸಾಮಾನ್ಯ ಎಕ್ಸೆಪ್ಷನ್‌ಗಳ ಗುಂಪಿಗೆ ಸೇರಿಲ್ಲ. ಬೇಸ್ ಎಕ್ಸೆಪ್ಷನ್ ಅಡಿಯಲ್ಲಿ ಬೇರೆಯಾಗಿಯೇ ಇದೆ. ಹಾಗಾಗಿ ನಾನು ಒಡ್ಡಿದ ಬಲೆಗೆ ಅದು ಬೀಳಲಿಲ್ಲ.

ಈಗ ಹಂಚಿಕೊಂಡ ಯಾವ ಫಂಕ್ಷನ್ನೂ ತಾನಾಗಿ ಪ್ರೋಗ್ರಾಂ ಮುಗಿಸುವುದಿಲ್ಲ. ತಪ್ಪಾದರೆ ನನ್ನದೇ ಹೆಸರಿನ ಒಂದು ಎಕ್ಸೆಪ್ಷನ್ ಎಸೆಯುತ್ತದೆ. ಮುಂದೇನು ಅನ್ನುವುದು ಕರೆದವರಿಗೆ ಬಿಟ್ಟದ್ದು. ಎಲ್ಲ ಸ್ಕ್ರಿಪ್ಟ್‌ಗಳ ಮೇನ್ (ಮುಖ್ಯ ಫಂಕ್ಷನ್) ಸುತ್ತ ಒಂದು ಹೊದಿಕೆ ಇದೆ. ಕೊನೆಗೆ ಎಲ್ಲವೂ ಅಲ್ಲಿಗೆ ಬರುತ್ತವೆ. ನನ್ನ ಎಕ್ಸೆಪ್ಷನ್ ಬಂದರೆ ಒಂದು ಸಾಲಿನ ಸಂದೇಶ, ಎಕ್ಸಿಟ್ ಕೋಡ್ (ಪ್ರೋಗ್ರಾಂ ಹೇಗೆ ಮುಗಿಯಿತು ಅಂತ ಹೇಳುವ ಅಂಕಿ) 1. ಕಂಟ್ರೋಲ್ ಸಿ ಒತ್ತಿದರೆ 130, ಅಂದರೆ 128ಕ್ಕೆ ಆ ಸಿಗ್ನಲ್‌ನ ನಂಬರ್ 2 ಸೇರಿಸಿದ್ದು. ಆಯ್ಕೆಗಳನ್ನೇ ತಪ್ಪಾಗಿ ಕೊಟ್ಟರೆ ಕಮಾಂಡ್‌ನ ಆಯ್ಕೆಗಳನ್ನು ಓದುವ ಆರ್ಗ್‌ಪಾರ್ಸ್ ಮಾಡ್ಯೂಲ್ ತಾನೇ 2 ಕೊಡುತ್ತದೆ, ಅದನ್ನು ಮುಟ್ಟಿಲ್ಲ. ಮೊದಲ ಕೆಲವು ಸಾಲು ಓದಿ ನಿಲ್ಲಿಸುವ ಹೆಡ್ ಕಮಾಂಡ್‌ಗೆ ಪೈಪ್ ಮಾಡಿದಾಗ ಬರುವ ಬ್ರೋಕನ್ ಪೈಪ್ ಎರರ್ ಕೂಡ ಇಲ್ಲೇ ಸುಮ್ನೆ ಮುಗಿಯುತ್ತದೆ. ಬೇರೆ ಏನಾದರೂ ಬಂದರೆ ಪೂರ್ತಿ ಟ್ರೇಸ್‌ಬ್ಯಾಕ್ (ತಪ್ಪು ಯಾವ ಸಾಲಿನಲ್ಲಾಯಿತು ಅನ್ನುವ ವಿವರ) ಕಾಣಲೇಬೇಕು. ನೋಡಲು ಚೆನ್ನಾಗಿರಲಿ ಅಂತ ಅದನ್ನೂ ಮುಚ್ಚುವವರಿದ್ದಾರೆ. ನಾನು ನಿರೀಕ್ಷಿಸದೇ ಇದ್ದ ತಪ್ಪಿನ ವಿವರ ನನಗೇ ಸಿಗದಂತೆ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಹೌದು, ಇಲ್ಲ ಅಂತ ಕೇಳುವ ಫಂಕ್ಷನ್ ಬಗ್ಗೆ ಒಂದೇ ಮಾತು. ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್‌ನಿಂದ ಓಡುವಾಗ ಉತ್ತರ ಕೊಡಲು ಯಾರೂ ಇರುವುದಿಲ್ಲ. ಟರ್ಮಿನಲ್ ಇಲ್ಲದಿದ್ದರೆ ಉತ್ತರ ‘ಇಲ್ಲ’ ಅಂತಲೇ ತಿಳಿಯಬೇಕು. ಬೇಕಾದವರು ಕಮಾಂಡ್‌ನಲ್ಲೇ ಯೆಸ್ ಆಯ್ಕೆ ಕೊಡಲಿ.

ಇದನ್ನೆಲ್ಲ ಇಟ್ಟ ಫೈಲ್‌ಗೆ ಮೊದಲು ಯುಟಿಲ್ಸ್ ಅಂತ ಹೆಸರಿಟ್ಟಿದ್ದೆ. ಅದು ತಪ್ಪಾಯಿತು. ಪೈಥಾನ್ ಮಾಡ್ಯೂಲ್ ಹುಡುಕುವಾಗ ಸ್ಕ್ರಿಪ್ಟ್ ಇರುವ ಫೋಲ್ಡರನ್ನು ಮೊದಲು ನೋಡುತ್ತದೆ. ಒಂದು ಫೋಲ್ಡರ್‌ನಲ್ಲಿ ಬೇರೆ ಯಾವುದೋ ಯುಟಿಲ್ಸ್ ಇತ್ತು, ಅದೇ ಬಂದು ಕೂತಿತು. ಈಗ ಅದರ ಹೆಸರು ಹತಾರ. ಆ ಹೆಸರಿನ ಇನ್ನೊಂದು ಫೈಲ್ ನನಗೆ ಇದುವರೆಗೆ ಎದುರಾಗಿಲ್ಲ. ಮೊದಲು ಪ್ರತಿ ಸ್ಕ್ರಿಪ್ಟ್‌ನ ತಲೆಯಲ್ಲೂ ಅದರ ದಾರಿ ಬರೆಯುತ್ತಿದ್ದೆ. ಈಗ ಅದನ್ನೊಂದು ಪ್ಯಾಕೇಜ್ ಮಾಡಿ, ಪಿಪ್‌ನ (ಪೈಥಾನ್ ಪ್ಯಾಕೇಜ್ ಹಾಕುವ ಸಾಧನ) ಎಡಿಟಬಲ್ ಆಯ್ಕೆಯಲ್ಲಿ, ಅಂದರೆ ತಿದ್ದಿದ್ದು ಮತ್ತೆ ಹಾಕದೆಯೇ ಜಾರಿಗೆ ಬರುವಂತೆ, ಇನ್‌ಸ್ಟಾಲ್ ಮಾಡಿದ್ದೇನೆ.

ಲಾಗಿಂಗ್‌ನಲ್ಲೂ (ಪ್ರೋಗ್ರಾಂ ಮಾಡಿದ್ದನ್ನು ದಾಖಲಿಸುವುದು) ಒಂದು ಪಾಠ ಸಿಕ್ಕಿತು. ಹತಾರ ಇಂಪೋರ್ಟ್ ಆದ ಕೂಡಲೇ ಲಾಗಿಂಗ್ ಬೇಸಿಕ್ ಕಾನ್ಫಿಗ್ ಕರೆಯುವಂತೆ ಮಾಡಿದ್ದೆ. ಆಮೇಲೆ ಸ್ಕ್ರಿಪ್ಟ್‌ನಲ್ಲಿ ಡೀಬಗ್ ಮಟ್ಟ (ಜಾಸ್ತಿ ವಿವರದ ದಾಖಲೆ) ಕೇಳಿದರೆ ಏನೂ ಬದಲಾಗುತ್ತಿರಲಿಲ್ಲ. ಒಂದು ಸಲ ಹ್ಯಾಂಡ್ಲರ್ (ಲಾಗ್ ಸಂದೇಶವನ್ನು ಅದರ ಜಾಗಕ್ಕೆ ಕಳಿಸುವ ಭಾಗ) ಕೂತ ಮೇಲೆ ಆ ಫಂಕ್ಷನನ್ನು ಎರಡನೆಯ ಸಲ ಕರೆದರೂ ಅದು ಏನೂ ಮಾಡದೆ ಸುಮ್ಮನಿರುತ್ತದೆ. ಅರ್ಧ ದಿನ ಹುಡುಕಿದ ಮೇಲೆ ಇದು ತಿಳಿಯಿತು. ಇಂಪೋರ್ಟ್ ಮಾಡಿದ್ದಕ್ಕೇ ಏನಾದರೂ ನಡೆಯುವಂಥ ಸಾಲು ಈಗ ಆ ಫೈಲ್‌ನಲ್ಲಿ ಒಂದೂ ಇಲ್ಲ.

ಜಾಸ್ತಿ ಬೇಜಾರಾದದ್ದು ಡಿಫಾಲ್ಟ್ (ಏನೂ ಹೇಳದಿದ್ದಾಗ ನಡೆಯುವ ರೀತಿ) ಬದಲಿಸಿದಾಗ. ಫೈಲ್ ಬರೆಯುವ ಫಂಕ್ಷನ್ ಹಳೆಯದರ ಒಂದು ಕಾಪಿಯನ್ನೂ ಪಕ್ಕದಲ್ಲಿ ಇಡಲಿ ಅಂತ ಬದಲಾಯಿಸಿದೆ. ಒಳ್ಳೆಯದೇ ಅಂದುಕೊಂಡಿದ್ದೆ. ಆದರೆ ಒಂದು ಸ್ಕ್ರಿಪ್ಟ್ ತನ್ನ ಫೋಲ್ಡರ್‌ನಲ್ಲಿರುವ ಎಲ್ಲ ಫೈಲ್‌ಗಳನ್ನೂ ಓದುತ್ತಿತ್ತು. ಅದು ಆ ಕಾಪಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಎರಡು ದಿನ ಲೆಕ್ಕ ತಪ್ಪು ಬಂತು. ತಿದ್ದಿದ್ದು ಎಲ್ಲ ಕಡೆ ತಲುಪುವ ಹಾಗೆ ಕೆಡಿಸಿದ್ದೂ ಎಲ್ಲ ಕಡೆ ತಲುಪುತ್ತದೆ. ಈಗ ಹೊಸ ನಡವಳಿಕೆ ಬೇಕಾದರೆ ಹೆಸರು ಹೇಳಿಯೇ ಕೊಡಬೇಕಾದ ಹೊಸ ಪ್ಯಾರಾಮೀಟರ್ ಸೇರಿಸುತ್ತೇನೆ. ಕೇಳದವರಿಗೆ ಹಳೆಯದೇ ಸಿಗುತ್ತದೆ. ಪ್ರತಿ ಫಂಕ್ಷನ್‌ಗೂ ಟೆಸ್ಟ್ ಬರೆದದ್ದು ಇದಾದ ಮೇಲೆಯೇ.

ತೆಗೆದು ಹಾಕಿದ್ದೂ ಇದೆ. ಆರ್ಗ್‌ಪಾರ್ಸ್ ಮೇಲೆ ನಾನೇ ಒಂದು ಸುಲಭದ ಪದರ ಕಟ್ಟಿದ್ದೆ. ಆರು ತಿಂಗಳ ಮೇಲೆ ಅದನ್ನು ಹೇಗೆ ಬಳಸುವುದು ಅಂತ ನನಗೇ ನೆನಪಿರಲಿಲ್ಲ. ಆರ್ಗ್‌ಪಾರ್ಸ್ ಪೈಥಾನ್ ಜೊತೆಗೇ ಬರುತ್ತದೆ, ಅದರ ದಾಖಲೆ ಎಲ್ಲ ಕಡೆ ಸಿಗುತ್ತದೆ. ನನ್ನ ಪದರಕ್ಕೆ ದಾಖಲೆಯೇ ಇರಲಿಲ್ಲ. ಒಂದೇ ಸ್ಕ್ರಿಪ್ಟ್ ಬಳಸುತ್ತಿದ್ದ ದಿನಾಂಕದ ಫಂಕ್ಷನನ್ನೂ ಆ ಸ್ಕ್ರಿಪ್ಟ್‌ಗೇ ವಾಪಸ್ ಕಳಿಸಿದೆ. ಈಗ ಹತಾರದಲ್ಲಿ ಆರು ಫಂಕ್ಷನ್‌ಗಳಿವೆ, ಸುಮಾರು 180 ಸಾಲು.

ಏಳನೆಯದು ಬಾಗಿಲಲ್ಲಿ ನಿಂತಿದೆ. ಫಲಿತಾಂಶವನ್ನು ಕಾಲಂಗಳಲ್ಲಿ ಜೋಡಿಸಿ ತೋರಿಸುವುದು ಅದರ ಕೆಲಸ. ಇಂಗ್ಲಿಷ್ ಅಕ್ಷರಗಳಿಗೆ ಉದ್ದ ಎಣಿಸಿ ಖಾಲಿ ಜಾಗ ತುಂಬಿದರೆ ಸಾಕು. ‘ಕನ್ನಡ’ ಅನ್ನುವ ಪದಕ್ಕೆ ಮಾತ್ರ ಪೈಥಾನ್ ಉದ್ದ 5 ಅನ್ನುತ್ತದೆ, ಕಣ್ಣಿಗೆ ಕಾಣುವುದು 3 ಅಕ್ಷರ. ಸ್ವರಚಿಹ್ನೆಗಳನ್ನೂ ಅರ್ಧಾಕ್ಷರದ ಗುರುತನ್ನೂ ಲೆಕ್ಕದಿಂದ ಬಿಟ್ಟರೆ 4 ಬರುತ್ತದೆ, ಒತ್ತಕ್ಷರ ಆಗಲೂ ಬೇರೆಯಾಗಿಯೇ ಎಣಿಕೆಯಾಗುತ್ತದೆ. ಅದರ ಮೇಲೆ ಒಂದೊಂದು ಟರ್ಮಿನಲ್ ಒಂದೊಂದು ಅಗಲದಲ್ಲಿ ಬರೆಯುತ್ತದೆ. ಸದ್ಯಕ್ಕೆ ಕನ್ನಡ ಇರುವ ಕಾಲಂ ಯಾವಾಗಲೂ ಸಾಲಿನ ಕೊನೆಗೆ ಬರುವಂತೆ ಮಾಡಿದ್ದೇನೆ. ಅದರ ಮುಂದೆ ಏನನ್ನೂ ಜೋಡಿಸಬೇಕಾಗಿಲ್ಲ, ಹಾಗಾಗಿ ಅಗಲ ಎಷ್ಟಿದ್ದರೂ ನಡೆಯುತ್ತದೆ. ಇಲ್ಲಿಯವರೆಗೆ ಎರಡು ಸ್ಕ್ರಿಪ್ಟ್‌ಗಳಲ್ಲಿ ಮಾತ್ರ ಇದು ಇತ್ತು. ಕಳೆದ ವಾರ ಮೂರನೆಯದಕ್ಕೂ ಬೇಕಾಯಿತು. ಅದರ ಟೆಸ್ಟ್‌ಗಳನ್ನು ಬರೆಯುತ್ತಿದ್ದೇನೆ.