ಸೈಕಲ್ ಮೇಲಿದ್ದಾಗ ಫೋನ್ ರಿಂಗಾದರೆ ಏನು ಮಾಡಬೇಕು?

‘ರಸ್ತೆ ನೋಡ್ಕೊಂಡೇ ಹೋಗ್ತಿದ್ದೆ’ ಎನ್ನುವವರು ಸುಳ್ಳು ಹೇಳುವುದಿಲ್ಲ. ಕಣ್ಣು ರಸ್ತೆಯಲ್ಲಿರುತ್ತದೆ, ಗಮನ ಮಾತಿನಲ್ಲಿ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂಟಿಚಕ್ರದ ಸೈಕಲ್ ತುಳಿಯುವ ವಿದೂಷಕನನ್ನು ದಾರಿಯ ಪಕ್ಕ ಬಿಟ್ಟು ನೋಡಿದರು. ಫೋನಿನಲ್ಲಿ ಮಾತಾಡುತ್ತ ನಡೆದವರಲ್ಲಿ ಅವನನ್ನು ಕಂಡದ್ದು ನಾಲ್ವರಲ್ಲಿ ಒಬ್ಬರು. ಜೊತೆಗಾರರೊಡನೆ ಹರಟುತ್ತ ಹೋದವರಲ್ಲಿ ಹೆಚ್ಚಿನವರು ಕಂಡಿದ್ದರು. ಜೊತೆಗಾರರ ಕಣ್ಣೂ ದಾರಿಯ ಮೇಲಿರುತ್ತದಲ್ಲ!

ಹೊರಡುವಾಗಲೇ ಫೋನನ್ನು ಬೆನ್ನಿನ ಚೀಲಕ್ಕೆ ಹಾಕಿ. ಅಂಗಿ ಜೇಬಿನಲ್ಲಿದ್ದರೆ ಕೈ ತಾನಾಗಿ ಅತ್ತ ಹೋಗುತ್ತದೆ. ಮಳೆಗಾಲದಲ್ಲಿ ಹ್ಯಾಂಡಲ್‌ಗೆ ಸಿಕ್ಕಿಸುವುದೂ ಬೇಡ: ಪರದೆ ಹನಿಯನ್ನೇ ಬೆರಳೆಂದುಕೊಂಡು ಮ್ಯಾಪನ್ನು ಎಲ್ಲೆಲ್ಲಿಗೋ ಸರಿಸುತ್ತದೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ 3 ಸೆಕೆಂಡ್ ಅದನ್ನು ನೋಡಿದಿರಾದರೆ 12 ಮೀಟರ್, ಹೆಚ್ಚುಕಡಿಮೆ ಒಂದು ಬಸ್ಸಿನಷ್ಟು ದೂರ, ಕುರುಡಾಗಿ ಸಾಗಿದಂತೆ.

ಬ್ರೇಕಿನ ವಿಷಯ ಹಲವರಿಗೆ ಹೊಳೆಯುವುದಿಲ್ಲ. ನಮ್ಮ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಗಾಡಿ ನಿಲ್ಲಿಸುವ ಬಲದ ದೊಡ್ಡ ಪಾಲು ಅದರದ್ದೇ. ಬಲಗೈಲಿ ಫೋನಿದ್ದರೆ ಹಿಂದಿನದೊಂದೇ ಗತಿ. ಒದ್ದೆ ರಸ್ತೆಯಲ್ಲಿ ಅದನ್ನು ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಜಾರುತ್ತದೆ. ರಿಮ್ ನೆನೆದಿದ್ದರೆ ರಬ್ಬರು ನೀರು ಒರೆಸಿದ ಮೇಲಷ್ಟೇ ಹಿಡಿತ.

ಫೋನ್ ರಿಂಗಾದರೆ ಆಗಲಿ, ಮಿಸ್ಡ್ ಕಾಲ್ ಆಗಲಿ. ತಟ್ಟನೆ ನಿಲ್ಲಬೇಡಿ. ಹಿಂದೆ ನೋಡಿ, ವೇಗ ತಗ್ಗಿಸಿ, ನೇರ ರಸ್ತೆ ಸಿಕ್ಕಾಗ ಟಾರಿನಿಂದ ಪೂರ್ತಿ ಕೆಳಗಿಳಿದು ನೀವೇ ಕರೆ ಮಾಡಿ. ಆಗುಂಬೆಯಂಥ 14 ತಿರುವಿನ ಘಾಟಿಯಲ್ಲಿ ‘ಇಲ್ಲಿ ಸಿಗ್ನಲ್ ಸಿಗುತ್ತೆ’ ಎಂದು ತಿರುವಿನ ಅಂಚಿನಲ್ಲಿ ನಿಂತರೆ, ಅಗಲಕ್ಕೆ ತಿರುಗುವ ಬಸ್ಸಿಗೆ ಬೇಕಾದ ಜಾಗದಲ್ಲೇ ನಿಂತಿರುತ್ತೀರಿ. ಜಡಿಮಳೆಯಲ್ಲಿ ಧರೆಯ ಬುಡವೂ ಬೇಡ, ಕುಸಿಯಬಹುದು. ಬಸ್ ತಂಗುದಾಣವೋ ಅಂಗಡಿ ಜಗಲಿಯೋ ಬರುವವರೆಗೆ ಮಾತು ಕಾಯಲಿ.

ನಡೆಯುವವರಿಗೆ ಮಳೆಯೇ ಮೊದಲ ತೊಡಕು: ಒಂದು ಕೈಲಿ ಕೊಡೆ, ಇನ್ನೊಂದರಲ್ಲಿ ಫೋನು, ಹಾವಸೆ ಕಟ್ಟಿದ ಚರಂಡಿ ಕಲ್ಲಿನ ಮೇಲೆ ಜಾರಿದರೆ ಊರಲು ಕೈಯೇ ಇಲ್ಲ. ಫುಟ್‌ಪಾತ್ ಇಲ್ಲದಲ್ಲಿ ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಿರಿ. ಶಿವಮೊಗ್ಗದ ಗೋಪಿ ವೃತ್ತದಂಥ ಕಡೆ ದಾಟುವ ಮುನ್ನ ಬರೆಯುತ್ತಿದ್ದ ಮೆಸೇಜನ್ನು ಅರ್ಧಕ್ಕೇ ಬಿಡಿ: ನೀವು ಪರದೆ ನೋಡುವ 3 ಸೆಕೆಂಡಿನಲ್ಲಿ 40 ಕಿ.ಮೀ. ವೇಗದ ಬೈಕು 33 ಮೀಟರ್ ಹತ್ತಿರ ಬಂದಿರುತ್ತದೆ.

ಇಯರ್‌ಫೋನ್ ಬಿಡಲಾಗದವರು ವಾಹನದ ಕಡೆಯ ಕಿವಿಯನ್ನಾದರೂ ತೆರೆದಿಡಿ. ಎಡಬದಿಯ ಸೈಕಲ್ ಸವಾರರಿಗೆ ಅದು ಬಲಗಿವಿ, ಬಲಬದಿಯಲ್ಲಿ ನಡೆಯುವವರಿಗೆ ಎಡಗಿವಿ. ಮಂಜು ಕವಿದ ಘಾಟಿಯಲ್ಲಿ ಮಾತ್ರ ಎರಡನ್ನೂ ತೆಗೆಯಿರಿ. ಅಲ್ಲಿ ಬಸ್ಸು ಕಾಣುವ ಮೊದಲು ಹಾರ್ನ್ ಕೇಳುತ್ತದೆ.