ಹಿತ್ತಲಿಗೆ ಮೆಟ್ಟುಗಲ್ಲು ಹಾಕುವವರಿಗೆ

ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದು ನಮ್ಮ ಮಲೆನಾಡಿನವರಿಗೆಲ್ಲ ಗೊತ್ತು. ಅಂಗಳಕ್ಕೆ ಅದು ಸಾಕು. ಆದರೆ ಹಿತ್ತಲಲ್ಲಿ ಬಾವಿಕಟ್ಟೆಗೆ, ಮಲ್ಲಿಗೆ ಗಿಡಕ್ಕೆ, ಕರಿಬೇವಿಗೆ ಅಂತ ದಿನಕ್ಕೆ ಹತ್ತು ಸಲ ಓಡಾಡುವ ದಾರಿ ಇರುತ್ತದಲ್ಲ, ಅಲ್ಲಿ ದಬ್ಬೆ ಬೇಗ ಲಡ್ಡಾಗುತ್ತದೆ. ಅಲ್ಲಿಗೆ ಕಲ್ಲೇ ಬೇಕು.

ನಾವು ಮೊದಲು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಅಡುಗೆಮನೆ ಕಟ್ಟೆಗೆ ತಂದು ಉಳಿದಿದ್ದ ಕಡಪ ಕಲ್ಲಿನ ತುಂಡುಗಳನ್ನು ಸುಮ್ನೆ ಮಣ್ಣಿನ ಮೇಲೆ ಇಟ್ಟೆವು. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಆಷಾಢದ ಮಳೆಯಲ್ಲಿ ಹೂ ಕೊಯ್ಯಲು ಹೋದ ಅತ್ತೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನುಣುಪು ಕಲ್ಲು ಒಳಗೇ ಇರಲಿ. ಹೊರಗೆ ಹಾಕುವುದಾದರೆ ಪಾಲಿಶ್ ಮಾಡದ, ಉಳಿಯ ಏಟು ಕಾಣುವ ಒರಟು ಚಪ್ಪಡಿ ತನ್ನಿ. ಅದು ಸಿಗದಿದ್ದರೆ ಮನೆಯಲ್ಲೇ ಸಿಮೆಂಟಿನಲ್ಲಿ ಎರೆದುಕೊಳ್ಳಿ, ಕಷ್ಟವೇನಿಲ್ಲ.

ಅಚ್ಚಿಗೆ 14 ಇಂಚು ಅಗಲದ ಹಳೆ ಪ್ಲಾಸ್ಟಿಕ್ ಬೋಗುಣಿ ಸಾಕು, ತಳ ಚಪ್ಪಟೆ ಇರಬೇಕು. ಒಳಗೆಲ್ಲ ಎಣ್ಣೆ ಸವರಿ. ಈಗ ಒಂದು ದೊಡ್ಡ ಕೆಸುವಿನ ಎಲೆಯನ್ನು, ಉಬ್ಬಿದ ನರ ಇರುವ ಹಿಂಭಾಗ ಮೇಲೆ ಬರುವ ಹಾಗೆ, ತಳಕ್ಕೆ ಹಾಸಿ. ಸೋನೆ ತಾಗಿದರೆ ಕೈ ತುರಿಸುತ್ತದೆ, ತೇಗದ ಎಲೆಯಾದರೆ ಆ ಕಾಟ ಇಲ್ಲ. ಒಂದು ಪಾಲು ಸಿಮೆಂಟ್, ಎರಡು ಪಾಲು ಮರಳು (ಎಂ-ಸ್ಯಾಂಡ್ ಆದರೂ ಸರಿ), ಮೂರು ಪಾಲು ಸಣ್ಣ ಜಲ್ಲಿ ಒಣದಾಗಿಯೇ ಬೆರೆಸಿ, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬನ್ನಿ, ಯಾಕೆಂದರೆ ಕಲಸಲು ಸುಲಭ ಅಂತ ಎಲ್ಲರೂ ನೀರು ಜಾಸ್ತಿ ಮಾಡುತ್ತಾರೆ, ಕಲ್ಲು ಪುಡಿಯಾಗುವುದು ಅಲ್ಲಿಂದಲೇ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಒಸರಬಾರದು. ಕೈಗೆ ಗ್ಲೌಸ್ ಹಾಕಿಕೊಂಡೇ ಮಾಡಿ, ಸಿಮೆಂಟ್ ಚರ್ಮವನ್ನು ಸುಡುತ್ತದೆ.

ಬೋಗುಣಿಗೆ ಒಂದು ಇಂಚು ತುಂಬಿ, ಕೋಳಿ ಜಾಲರಿಯ ಒಂದು ತುಂಡು ಇಟ್ಟು, ಮೇಲೆ ಮತ್ತೆ ಒಂದು ಇಂಚು ಹಾಕಿ. ಬೋಗುಣಿಯ ಪಕ್ಕಕ್ಕೆಲ್ಲ ಕೈಯಿಂದ ತಟ್ಟಿ, ಗುಳ್ಳೆ ಹೊರಗೆ ಬರಲಿ. ಮಾರನೇ ದಿನವಲ್ಲ, ಎರಡು ದಿನ ಬಿಟ್ಟು ಕವುಚಿ ತೆಗೆದು ಎಲೆ ಸುಲಿದರೆ ನರದ ಗೆರೆಗಳು ಕಲ್ಲಿನ ಮೇಲೆ ಅಚ್ಚೊತ್ತಿರುತ್ತವೆ. ನೋಡಲು ಚಂದ, ಕಾಲಿಗೂ ಹಿಡಿತ. ಆಮೇಲೆ ಕನಿಷ್ಠ 7 ದಿನ ಒದ್ದೆ ಗೋಣಿಚೀಲ ಹೊದಿಸಿಟ್ಟು ನೀರುಣಿಸಿ. ಇಲ್ಲಿ ಅವಸರ ಮಾಡಿದರೆ ಅಂಚು ಮುರಿದು ಬರುತ್ತದೆ. ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಕಲ್ಲು ಆಗುತ್ತವೆ. ಒಂದೊಂದೂ 11 ಕೆಜಿ ಹತ್ತಿರ ತೂಗುತ್ತದೆ, ಎತ್ತುವಾಗ ಸೊಂಟ ಜೋಪಾನ.

ಹಾಕುವ ಮೊದಲು ಹೆಜ್ಜೆ ಅಳೆಯಬೇಕು. ಗಾರೆಯವರು ತಮ್ಮ ಹೆಜ್ಜೆಗೆ ಸರಿಯಾಗಿ ಎರಡು ಅಡಿಗೊಂದು ಇಟ್ಟು ಹೋಗುತ್ತಾರೆ. ಆ ದಾರಿಯಲ್ಲಿ ನಡೆಯುವವರು ಯಾರು, ಅವರಾ? ನಾನು ಅತ್ತೆಗೆ ಕೈಯಲ್ಲಿ ಹೂವಿನ ಬುಟ್ಟಿ ಕೊಟ್ಟು, "ನಿಮ್ಮ ಪಾಡಿಗೆ ನಡೀರಿ ಅತ್ತೆ" ಅಂದು, ಹಿಂದಿನಿಂದ ಅವರ ಪಾದ ಬಿದ್ದಲ್ಲೆಲ್ಲ ರಂಗೋಲಿ ಪುಡಿ ಹಾಕುತ್ತಾ ಹೋದೆ. ಕಲ್ಲಿನ ನಡುವಿನಿಂದ ಮುಂದಿನ ಕಲ್ಲಿನ ನಡುವಿಗೆ 18 ಇಂಚು ಬಂತು. ಹಾಗೇ ಹಾಕಿದೆವು. ದೊಡ್ಡ ಹೆಜ್ಜೆಯವರು ಸಣ್ಣ ಹೆಜ್ಜೆ ಇಡಬಹುದು, ಮಂಡಿ ನೋವಿರುವವರು ಹಾರಲು ಆಗುವುದಿಲ್ಲ, ಅಲ್ವಾ?

ಈ ಕೆಲಸ ಫೆಬ್ರವರಿ, ಮಾರ್ಚಿನಲ್ಲೇ ಮುಗಿಸಿ, ಮಣ್ಣು ಒಣಗಿರುತ್ತದೆ. ಗುರುತು ಹಾಕಿದಲ್ಲಿ ನಾಲ್ಕು ಇಂಚು ಅಗೆದು, ಬೇರು, ಕಸ ತೆಗೆದು, ದಮ್ಮಸು ಹಾಕಿ ಗಟ್ಟಿ ಮಾಡಿ. ಎರಡೂವರೆ ಇಂಚು ಜಲ್ಲಿಪುಡಿ ಹರಡಿ, ನೀರು ಚಿಮುಕಿಸಿ ಒತ್ತಿ, ಅದರ ಮೇಲೆ ಕಲ್ಲು ಕೂರಿಸಿ. ಕಲ್ಲು ನೆಲದಿಂದ ಅರ್ಧ ಇಂಚು ಮೇಲಿರಲಿ, ಕೆಸರು ಹತ್ತುವುದಿಲ್ಲ. ಹುಲ್ಲುಹಾಸಿನ ನಡುವೆ ಆದರೆ ನೆಲಕ್ಕೆ ಸಮ ಮಾಡಿ, ಇಲ್ಲವಾದರೆ ಹುಲ್ಲು ಕತ್ತರಿಸುವಾಗ ತೊಂದರೆ. ರಸಮಟ್ಟ ಇಟ್ಟು ನೋಡಿ, ಒಂದು ಪಕ್ಕಕ್ಕೆ ಒಂಚೂರು ಇಳಿಜಾರು ಕೊಡಿ, ನೀರು ನಿಂತಲ್ಲೇ ಪಾಚಿ ಕಟ್ಟುವುದು. ಬಯಲುಸೀಮೆಯ ಎರೆ ಮಣ್ಣಿನವರು ಇನ್ನೂ ಮೂರು ನಾಲ್ಕು ಇಂಚು ಆಳ ತೆಗೆದು ಜಲ್ಲಿ ತುಂಬಬೇಕು, ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ.

ಪಾಚಿ ಬಂದರೆ ಮರಳು, ತೆಂಗಿನ ನಾರು ಹಾಕಿ ಉಜ್ಜಿದರೆ ಸಾಕು. ಬ್ಲೀಚಿಂಗ್ ಪೌಡರ್ ಗಿಡದ ಬುಡಕ್ಕೆ ಹರಿದರೆ ಗಿಡ ಸುಡುತ್ತದೆ, ಬಚ್ಚಲಿಗೆ ಹಾಕುವ ಆಸಿಡ್ ಜೊತೆ ಸೇರಿದರೆ ವಿಷಗಾಳಿ ಏಳುತ್ತದೆ, ಹಾಗಾಗಿ ನಾನು ಅದನ್ನು ಹಿತ್ತಲಿಗೆ ತರುವುದೇ ಇಲ್ಲ.

ಮೊದಲ ನಾಲ್ಕು ಮಳೆ ಬಿದ್ದ ಮೇಲೆ ಒಂದೊಂದು ಕಲ್ಲಿನ ಮೇಲೂ ನಿಂತು ಮೈಭಾರ ಆಚೆ ಈಚೆ ಹಾಕಿ ನೋಡಿ. ಅಲುಗಾಡಿದರೆ ಎತ್ತಿ ಅಡಿಗೆ ಜಲ್ಲಿಪುಡಿ ತುಂಬಿ. ಎತ್ತುವುದು ಹಾರೆಯಿಂದ, ಬರಿಗೈ ತೂರಿಸಬೇಡಿ. ತಂಪಿಗೆ ಚೇಳು ಬಂದು ಕೂತಿರುತ್ತದೆ.