ಹಿತ್ತಲ ಹಲಸು ಬಾಗಿಲಾಗುವ ಮೊದಲು

ನಮ್ಮ ಮನೆ ಹಿಂದಿನ ಹಲಸಿನ ಮರ ಮೂರು ಮಳೆಗಾಲದಿಂದ ಕೊಟ್ಟಿಗೆ ಕಡೆಗೆ ವಾಲುತ್ತಾ ಬಂದಿತ್ತು. ಹಣ್ಣೂ ಅಷ್ಟಕ್ಕಷ್ಟೇ, ಸಪ್ಪೆ. ಆದರೂ ಕಡಿಯಲು ಮನಸ್ಸು ಬರುತ್ತಿರಲಿಲ್ಲ. ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಅಮ್ಮ ಒಂದೇ ಮಾತು ಕೇಳಿದಳು: "ದನದ ಮೇಲೆ ಬಿದ್ದ ಮೇಲೆ ಕಡಿಸ್ತೀಯಾ?"

ಸರಿ, ಕಡಿಸಿದೆ. ಅದಕ್ಕೂ ಮೊದಲು ಒಂದು ಹಳೆ ಕಥೆ ಹೇಳಿಬಿಡುತ್ತೇನೆ. ಏಳೆಂಟು ವರ್ಷದ ಹಿಂದೆ ಇನ್ನೊಂದು ಹಲಸು ಕಡಿಸಿದ್ದೆ. ಚೆನ್ನಾಗಿಯೇ ಕೊಯ್ಸಿದ್ದೆ. ಹಸಿ ಹಲಗೆಗಳನ್ನು ತಂದು ಅಂಗಳದ ಸಿಮೆಂಟ್ ನೆಲದ ಮೇಲೆ ಒಂದರ ಮೇಲೊಂದು ಪೇರಿಸಿ, ಮೇಲೆ ಟಾರ್ಪಾಲು ಹೊದಿಸಿ, ಜವಾಬ್ದಾರಿ ಮುಗಿಯಿತು ಅಂತ ಕೈ ತೊಳೆದುಕೊಂಡೆ. ದೀಪಾವಳಿಗೆ ಟಾರ್ಪಾಲು ಎತ್ತಿದರೆ ಬೂಸ್ಟು, ಕಪ್ಪು ಕಲೆ, ಹಪ್ಪಳದ ಹಾಗೆ ಡೊಂಕಾದ ಹಲಗೆ. ಆಚಾರ್ರು ಒಂದನ್ನು ಎತ್ತಿ ಕಣ್ಣಿಗೆ ಹಿಡಿದು ನೋಡಿ, "ಗೌಡ್ರೇ, ಇದ್ರಲ್ಲಿ ಬಾಗಿಲು ಆಗಲ್ಲ. ತೊಟ್ಟಿಲು ಬೇಕಾದ್ರೆ ಆಗತ್ತೆ" ಅಂದರು.

ಮರ ಕಡಿಯುವ ದಿನ ಊರೆಲ್ಲ ಬಂದು ನಿಲ್ಲುತ್ತದೆ. ಹಲಗೆ ಒಟ್ಟುವ ದಿನ ಯಾರೂ ಇರುವುದಿಲ್ಲ. ಮರ ಹಾಳಾಗುವುದು ಆ ದಿನವೇ. ಹಾಗಾಗಿ ಈ ಲೇಖನದಲ್ಲಿ ಒಟ್ಟುವ ಕೆಲಸಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಕಾಗದ

ಮರ ನಮ್ಮ ಹಿತ್ತಲಲ್ಲೇ ಇದ್ದರೂ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಗಳಿಗೂ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್, ತೆಂಗು ಇಂಥ ಕೆಲವಕ್ಕೆ ವಿನಾಯಿತಿ ಇದೆ. ಈ ಪಟ್ಟಿ ಆಗಾಗ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆಯವರ ಮಾತು ನಂಬಿ ಕೊಡಲಿ ಎತ್ತಬೇಡಿ. ಪಹಣಿ ಹಿಡಿದು ಹೋಗಿ ಅರ್ಜಿ ಕೊಡಿ. ಮರ ಸಾಗಿಸಲು ಪಾಸ್ ಬೇಕೋ ಬೇಡವೋ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ. ಮಿಲ್ಲಿನವರು ಕಾಗದ ನೋಡದೆ ದಿಮ್ಮಿ ಇಳಿಸಿಕೊಳ್ಳುವುದಿಲ್ಲ. ಇನ್ನು ಸೊಪ್ಪಿನ ಬೆಟ್ಟದ ಮರ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸರ್ಕಾರಿ ಕಾಡಿನದು. ಅಲ್ಲಿ ನಮಗಿರುವುದು ಸೊಪ್ಪು, ದರಗು (ಉದುರಿದ ಒಣ ಎಲೆ), ಮನೆ ಬಳಕೆಯ ಸೌದೆಯ ಸವಲತ್ತು. ನಿಂತ ಮರ ನಮ್ಮದಲ್ಲ.

ಕಡಿಯುವ ಕಾಲ

ನಮ್ಮ ಕಡೆ ಅಡಿಕೆ ಕೊಯ್ಲು ಮುಗಿದು ಆಳುಗಳು ಬಿಡುವಾಗುವುದು, ಒಣಹವೆ ಹಿಡಿಯುವುದು, ಎರಡೂ ಸಂಕ್ರಾಂತಿಯಿಂದ ಶಿವರಾತ್ರಿ ನಡುವೆ. ಅದೇ ಸರಿಯಾದ ಹೊತ್ತು. ಆಗ ಕಡಿದರೆ ಮಳೆ ಹಿಡಿಯುವ ಮೊದಲು ಹಲಗೆಗೆ ಮೂರು ತಿಂಗಳ ಗಾಳಿ ಸಿಗುತ್ತದೆ. ಅಮಾವಾಸ್ಯೆ ಕಡೆಗೆ ಕಡಿದರೆ ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ನಾನು ಅದಕ್ಕೆ ಎದುರಾಡುವುದಿಲ್ಲ. ಆದರೆ ಅಮಾವಾಸ್ಯೆಗೆ ಕಾಯುತ್ತಾ ಏಪ್ರಿಲ್ ದಾಟಿಸಬೇಡಿ.

ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೀರಾ? ಬುಡದಿಂದ ಹೊರಡುವ ಹಬ್ಬು ಬಳ್ಳಿಗಳನ್ನು ಬಿಡಿಸಿ ಸಸಿ ಮಾಡಲು ಫೆಬ್ರವರಿ-ಮಾರ್ಚೇ ಕಾಲ. ಮರ ಉರುಳಿಸುವ ಮೊದಲೇ ಕತ್ತರಿಸಿ ಕವರಿಗೆ ಹಾಕಿಬಿಡಿ. ಪೊಟರೆಯಲ್ಲಿ ತುಡುವೆ ಜೇನಿದೆಯಾ ಅಂತಲೂ ನೋಡಿ. ನಾವು ಜೇನೇನೋ ನೋಡಿದೆವು, ಚಗಳಿ ಇರುವೆಯ ಗೂಡು ನೋಡಲಿಲ್ಲ. ಮೊದಲ ಕೊಂಬೆಯ ಜೊತೆ ಅದೂ ಕೆಳಗೆ ಬಂತು. ಹಗ್ಗ ಹಿಡಿದು ನಿಂತಿದ್ದವರು ಹಗ್ಗ ಬಿಟ್ಟು ಕುಣಿದರು. ಚಟ್ನಿ ಮಾಡುವವರಿಗೆ ಮಾತ್ರ ಅವತ್ತು ಹಬ್ಬ.

ಉರುಳಿಸುವುದು

ಇದು ಪಳಗಿದವರ ಕೆಲಸ. ಚೈನ್ ಗರಗಸದ ಮಿಷನ್ನು ಬಾಡಿಗೆಗೆ ತಂದು ನೀವೇ ಶುರು ಮಾಡಬೇಡಿ. ಆದರೆ ಅವರು ಮಾಡುವುದು ಸರಿಯಿದೆಯಾ ಅಂತ ನೋಡಲು ನಮಗೆ ಬರಬೇಕು.

ಮರ ಯಾವ ಕಡೆ ಬೀಳಬೇಕೋ ಆ ಕಡೆ ಮೊದಲ ಕಚ್ಚು. ಬಾಯಿ ತೆರೆದ ಹಾಗೆ, ಕಾಂಡದ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಆಳ. ಆಮೇಲೆ ಹಿಂದಿನಿಂದ ಎರಡನೇ ಕೊಯ್ತ. ಅದು ಕಚ್ಚಿನ ತಳಕ್ಕಿಂತ ಒಂದೆರಡು ಇಂಚು ಮೇಲಿರಬೇಕು. ಎರಡು ಕೊಯ್ತಗಳು ಒಂದಕ್ಕೊಂದು ಸೇರಬಾರದು. ನಡುವೆ ದಪ್ಪದ ಹತ್ತನೇ ಒಂದು ಭಾಗದಷ್ಟು ಮರ ಪಟ್ಟಿಯಾಗಿ ಉಳಿಯಬೇಕು. ಬಾಗಿಲಿಗೆ ಕೀಲು ಇದ್ದಂತೆ ಮರಕ್ಕೆ ಅದು. ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ.

ವಾಲಿದ ಮರಕ್ಕೆ ಮೊದಲು ಆ ಕಡೆಯ ಕೊಂಬೆ ಇಳಿಸಿ ಭಾರ ಕಮ್ಮಿ ಮಾಡಬೇಕು, ಎದುರು ದಿಕ್ಕಿಗೆ ಹಗ್ಗ ಕಟ್ಟಿ ಎಳೆದು ಹಿಡಿಯಬೇಕು. ಗಾಳಿ ಬೀಸುವ ಹೊತ್ತಲ್ಲಿ ಬೇಡ. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೆಲಸದವರನ್ನು ಬಿಟ್ಟು ಯಾರೂ ಇರಬಾರದು, ದನವೂ ಇರಬಾರದು. ಕೊಯ್ಯುವವರು ಓಡಲು ಹಿಂದಕ್ಕೆ ಓರೆಯಾಗಿ ದಾರಿ ಸವರಿಟ್ಟುಕೊಂಡಿರಬೇಕು. ಪಂಚೆ, ಹೆಗಲ ಮೇಲಿನ ಟವೆಲ್ಲು ಆವತ್ತಿಗೆ ಬೇಡ. ಹಲಸಿನ ಮೇಣ ಚೈನಿಗೆ ಮೆತ್ತಿಕೊಳ್ಳುತ್ತದೆ. ಅದಕ್ಕೆ ಸೀಮೆಎಣ್ಣೆ ಬಟ್ಟೆ, ಕೈಗೆ ಕೊಬ್ಬರಿ ಎಣ್ಣೆ ಹತ್ತಿರ ಇಟ್ಟುಕೊಳ್ಳಿ.

ದಿಮ್ಮಿ, ಅಳತೆ

ಏಳು ಅಡಿ ಬಾಗಿಲು ಬೇಕಾದರೆ ದಿಮ್ಮಿ ಏಳೂವರೆ ಅಡಿ ಇರಲಿ. ತುದಿಗಳು ಸೀಳು ಬಿಡುವುದು ಖಂಡಿತ. ಎರಡೂ ತುದಿಯಲ್ಲಿ ಒಂದೆರಡು ಇಂಚು ಹೋಗಿಯೇ ಹೋಗುತ್ತದೆ. ಎರಡು ಕಡೆ ಆನಿಕೊಂಡು ನಡುವೆ ತೂಗುವ ಮರವನ್ನು ತುಂಡು ಮಾಡುವಾಗ ಮೇಲಿನಿಂದ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕು. ಮೇಲಿನಿಂದಲೇ ಪೂರ್ತಿ ಹೋದರೆ ಗರಗಸ ಕಚ್ಚಿಕೊಳ್ಳುತ್ತದೆ.

ಘನ ಅಡಿ ಲೆಕ್ಕ ಕಲಿತುಕೊಳ್ಳಿ, ಕಷ್ಟವಿಲ್ಲ. ದಿಮ್ಮಿಯ ನಡು ಭಾಗದಲ್ಲಿ ದಾರ ಸುತ್ತಿ ಇಂಚಿನಲ್ಲಿ ಅಳೆಯಿರಿ. ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿ. ಸುತ್ತಳತೆ 60 ಇಂಚು, ಉದ್ದ 10 ಅಡಿ ಅಂತಿಟ್ಟುಕೊಳ್ಳಿ. 15 × 15 × 10 = 2250. ಭಾಗಿಸಿದರೆ 15.6 ಘನ ಅಡಿ. ನಿಜವಾಗಿ ಆ ದಿಮ್ಮಿಯಲ್ಲಿ ಇರುವ ಮರ 19.9 ಘನ ಅಡಿ. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಈ ಲೆಕ್ಕದಲ್ಲಿ ಬಿಟ್ಟುಹೋಗುತ್ತದೆ. ಕೊಯ್ಯುವಾಗ ಸೀಳು (ಹೊರಮೈಯ ತುಂಡು), ಹೊಟ್ಟು ಅಂತ ಕಳೆಯುವುದಕ್ಕೆ ಅದು ರಿಯಾಯಿತಿ. ಇದು ಗೊತ್ತಿದ್ದರೆ ಮರ ಮಾರುವಾಗ "ಇನ್ನೂ ಸ್ವಲ್ಪ ತಳ್ಳಿಕೊಡಿ" ಅನ್ನುವವರಿಗೆ ಉತ್ತರ ಕೊಡಬಹುದು.

ಮಿಲ್ಲಿನಲ್ಲಿ

ದಿಮ್ಮಿಯನ್ನು ತೋಟದಲ್ಲಿ ಬಿಡಬೇಡಿ, ಆದಷ್ಟು ಬೇಗ ಸಾಗಿಸಿ. ಹೋಗುವ ಮುಂಚೆ ಆಚಾರ್ರನ್ನು ಕೂರಿಸಿಕೊಂಡು ಚೀಟಿ ಬರೆಸಿ: ಚೌಕಟ್ಟಿಗೆ ಎಷ್ಟು, ಹಲಗೆ ಎಷ್ಟು, ರೀಪು ಎಷ್ಟು. ಒಣಗಿ ಕೀಸುಳಿ ಹೊಡೆದ ಮೇಲೆ ಒಂದು ಇಂಚು ಉಳಿಯಬೇಕಾದರೆ ಒಂದೂಕಾಲು ಇಂಚು ಕೊಯ್ಸಬೇಕು. ಕಾಂಡದ ನಟ್ಟನಡುವಿನ ತಿರುಳು ಹಲಗೆಯ ಮಧ್ಯೆ ಬಂದರೆ ಆ ಹಲಗೆ ಅಲ್ಲೇ ಸೀಳುತ್ತದೆ. ಅಂಥ ಹಲಗೆಯನ್ನು ನಡುವೆ ಸೀಳಿಸಿ ಎರಡು ಮಾಡಿಸಿಕೊಳ್ಳಿ. ಹೊರಗಿನ ಬಿಳಿ ಮರ ಕುಟ್ಟೆ ಹುಳಕ್ಕೆ ಬೆಲ್ಲ ಇದ್ದ ಹಾಗೆ, ಬಾಗಿಲಿಗೆ ಬೇಡ. ಒಳಗಿನ ಹಳದಿ ಚೇಗನ್ನೇ ಕೇಳಿ. ಮೃದಂಗ, ವೀಣೆ ಮಾಡುವುದೂ ಹಲಸಿನಲ್ಲೇ. ಸುಮ್ನೆ ಅಲ್ಲ.

ನಮ್ಮ ಎರಡನೇ ದಿಮ್ಮಿ ಗಾಡಿ ಮೇಲೆ ಹೋಗುತ್ತಿತ್ತು. ಪಟ್ಟಿ ಗರಗಸ ಒಂದೇ ಶ್ರುತಿಯಲ್ಲಿ ಕೊಯ್ಯುತ್ತಿತ್ತು. ಹಲಗೆ ತೆರೆದುಕೊಂಡಾಗ ಒಳಗೆ ಹಲಸಿನ ತೊಳೆಯದೇ ಹಳದಿ, ಹಸಿ ಹೊಟ್ಟಿನ ಸಿಹಿ ಹುಳಿ ವಾಸನೆ. ಇದ್ದಕ್ಕಿದ್ದಂತೆ 'ಠಣ್' ಅಂತ ಸದ್ದು, ಕಿಡಿ. ಗರಗಸದ ನಾಲ್ಕು ಹಲ್ಲು ಹೋದವು. ಒಳಗೆ ಬೆರಳುದ್ದದ ಮೊಳೆ, ಅದರ ಸುತ್ತ ಅಂಗೈಯಗಲ ಕಪ್ಪು. ಅಜ್ಜ ಲಾಟೀನು ನೇತುಹಾಕಲು ಹೊಡೆದಿದ್ದಿರಬೇಕು. ಮರ ಅದನ್ನು ನುಂಗಿ ಮೇಲೆ ಬೆಳೆದುಬಿಟ್ಟಿತ್ತು. ಗರಗಸದ ದುಡ್ಡು ನಾನೇ ಕೊಡಬೇಕಾಯಿತು. ಕೊಟ್ಟೆ, ತಪ್ಪು ನಮ್ಮದೇ. ಆಮೇಲೆ ನೋಡಿದರೆ ದಿಮ್ಮಿಯ ತುದಿಯಲ್ಲಿ ಮಸಿ ಬಳಿದಂತೆ ಒಂದು ಕಲೆ ಮೊದಲೇ ಇತ್ತು. ಕಬ್ಬಿಣ ಇದ್ದರೆ ಹಾಗೆ ಕಪ್ಪಾಗುತ್ತದಂತೆ. ಮನೆ ಹತ್ತಿರದ ಮರ, ಬೇಲಿ ಸಾಲಿನ ಮರ, ಬಟ್ಟೆ ಹಗ್ಗ ಕಟ್ಟಿದ ಮರ ಆದರೆ ಮಿಲ್ಲಿನವರಿಗೆ ಮೊದಲೇ ಹೇಳಿಬಿಡಿ.

ಸೀಳು, ಹೊಟ್ಟು ಎರಡನ್ನೂ ಬಿಟ್ಟು ಬರಬೇಡಿ. ಸೀಳು ಬಚ್ಚಲ ಒಲೆಗೆ, ಹೊಟ್ಟು ಕೊಟ್ಟಿಗೆಗೆ.

ಒಟ್ಟುವುದು

ಹಸಿ ಮರ ನೀರು ಕುಡಿದ ಬಟ್ಟೆ ಇದ್ದ ಹಾಗೆ. ಮೊದಲು ಸೋರಿ ಹೋಗುವ ನೀರಿನಿಂದ ಮರಕ್ಕೆ ಏನೂ ಆಗುವುದಿಲ್ಲ. ತೇವ ಶೇ 30ರ ಹತ್ತಿರಕ್ಕೆ ಇಳಿದ ಮೇಲೆ ಅದು ಕುಗ್ಗಲು ಶುರು. ಉದ್ದದಲ್ಲಿ ಕುಗ್ಗುವುದು ಇಲ್ಲವೆಂದೇ ಹೇಳಬಹುದು. ತಿರುಳಿನಿಂದ ತೊಗಟೆ ಕಡೆಗೆ ಸ್ವಲ್ಪ, ಕಾಂಡದ ಸುತ್ತಿನ ದಿಕ್ಕಿನಲ್ಲಿ ಅದರ ಹೆಚ್ಚುಕಮ್ಮಿ ಎರಡರಷ್ಟು. ಒಂದೇ ಹಲಗೆ ಎರಡು ಕಡೆ ಎರಡು ಥರ ಕುಗ್ಗಿದರೆ ಡೊಂಕಾಗದೆ ಇನ್ನೇನಾಗುತ್ತದೆ? ಇದನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಒತ್ತಿ ಹಿಡಿದು ನಿಧಾನ ಮಾಡಬಹುದು. ಒಟ್ಟುವುದರ ಗುಟ್ಟು ಅಷ್ಟೇ.

ಮಿಲ್ಲಿನಿಂದ ಬಂದ ದಿನವೇ ಒಟ್ಟಬೇಕು, "ನಾಳೆ ನೋಡೋಣ" ಇಲ್ಲ. ಬಿಸಿಲು ಬೀಳದ, ಗಾಳಿ ಆಡುವ ಜಾಗ ಬೇಕು. ನಾವು ಆರಿಸಿದ್ದು ಕೊಟ್ಟಿಗೆಯ ಪಕ್ಕದ ಇಳಿಮಾಡು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಚಿರೆಕಲ್ಲು ಇಟ್ಟು, ಅದರ ಮೇಲೆ ಅಡ್ಡ ತೊಲೆ. ಕಲ್ಲುಗಳ ತಲೆ ಒಂದೇ ಮಟ್ಟ ಇರಬೇಕು, ದಾರ ಹಿಡಿದು ನೋಡಿ. ಇಲ್ಲಿ ಸೊಟ್ಟ ಇದ್ದರೆ ಮೇಲಿನ ಅಷ್ಟೂ ಹಲಗೆ ಅದೇ ಸೊಟ್ಟ ಕಲಿಯುತ್ತವೆ.

ಮೊದಲ ಸಾಲು ಹಾಕಿ. ಹಲಗೆ ಹಲಗೆ ನಡುವೆ ಒಂದು ಬೆರಳು ಸಂದು ಬಿಡಿ. ಮೇಲೆ ಅಡ್ಡಲಾಗಿ ಇಂಚು ಚೌಕದ ರೀಪಿನ ತುಂಡು, ಎರಡಡಿಗೊಂದು. ರೀಪು ಒಣಗಿದ್ದೇ ಆಗಬೇಕು, ಹಸಿಯದಾದರೆ ಹಲಗೆ ಮೇಲೆ ಬರೆ ಎಳೆದಂತೆ ಕಲೆ ಉಳಿಯುತ್ತದೆ. ಎಲ್ಲವೂ ಒಂದೇ ದಪ್ಪ ಇರಲಿ. ಎರಡು ತುದಿಗೆ ಒತ್ತಿಕೊಂಡಂತೆ ಒಂದೊಂದು ಇರಲೇಬೇಕು. ಅದರ ಮೇಲೆ ಎರಡನೇ ಸಾಲು, ಮತ್ತೆ ರೀಪು. ಕೆಳಗಿನ ರೀಪು ಎಲ್ಲಿದೆಯೋ ಮೇಲಿನದೂ ಅದರ ನೇರಕ್ಕೇ ಬರಬೇಕು. ಪಕ್ಕದಿಂದ ನೋಡಿದರೆ ರೀಪುಗಳು ಕಂಬ ನಿಂತ ಹಾಗೆ ಕಾಣಬೇಕು. ಅರ್ಧ ಅಡಿ ಆಚೀಚೆ ಆದರೂ ಮೇಲಿನ ಭಾರ ಹಲಗೆಯ ನಡು ಬಗ್ಗಿಸುತ್ತದೆ. ನಮ್ಮ ಹುಡುಗ ಎರಡು ಸಾಲು ಕಣ್ಣಂದಾಜಿಗೆ ಇಟ್ಟಿದ್ದ. ಬಿಚ್ಚಿಸಿ ಮತ್ತೆ ಇಡಿಸಿದೆ. "ಏನಣ್ಣಾ, ಮನೆ ಕಟ್ತಾ ಇದೀವಾ?" ಅಂತ ಗೊಣಗಿದ.

ಚೆನ್ನಾಗಿರುವ ಹಲಗೆ ಕೆಳಗೆ, ಗಂಟಿರುವುದು ಮೇಲೆ. ಎಲ್ಲದರ ಮೇಲೆ ಭಾರಕ್ಕೆ ಕಲ್ಲು. ಹಲಗೆಯ ತುದಿಗಳಿಗೆ ಉಳಿದ ಆಯಿಲ್ ಪೇಂಟ್ ದಪ್ಪಗೆ ಬಳಿಯಿರಿ. ಮರದ ನೀರು ತುದಿಯಿಂದ ಬೇಗ ಹೋಗುತ್ತದೆ, ಸೀಳುವುದೂ ಅದಕ್ಕೇ. ಹಿಂದೆ ಸಗಣಿ-ಮಣ್ಣು ಕಲಸಿ ಮೆತ್ತುತ್ತಿದ್ದರು, ಅದೂ ನಡೆಯುತ್ತದೆ. ಟಾರ್ಪಾಲು ಮಾತ್ರ ಬೇಡ. ತಗಡು ಹೊದಿಸಿ, ಪಕ್ಕಗಳು ತೆರೆದೇ ಇರಲಿ.

ಸೌದೆ ಬೇರೆ

ಕೊಂಬೆ, ತುಂಡು, ಸೀಳು ಸೌದೆಗೆ. ಹಸಿಯಿರುವಾಗಲೇ ಒಡೆಯಿರಿ. ಆಗ ಸುಲಭ, ಬೇಗ ಒಣಗುತ್ತದೆ ಕೂಡ. ಏಪ್ರಿಲ್ ಬಿಸಿಲು ಪೂರ್ತಿ ತಿನ್ನಲಿ. ಮೃಗಶಿರಾ ಮಳೆಗೆ ಮುಂಚೆ ಕೊಟ್ಟಿಗೆ ಸೇರಬೇಕು. ಒಟ್ಟಿಲಿನ ಎರಡು ಕೊನೆಗೆ ಅಡ್ಡ-ಉದ್ದ ಇಟ್ಟು ಗೋಪುರ ಕಟ್ಟಿದರೆ ನಡುವಿನದು ಜಾರುವುದಿಲ್ಲ. ಗೋಡೆಗೆ ತಾಗಿಸಬೇಡಿ, ಗೇಣು ಬಿಡಿ. ಆಟಿ ತಿಂಗಳ ಜಡಿಮಳೆಯಲ್ಲಿ ಬೇಕಾಗುವ ಒಣ ಸೌದೆ ಮುಂದೆ, ಉಳಿದದ್ದು ಹಿಂದೆ. ಮಳೆಗಾಲದಲ್ಲಿ ಕೈ ಹಾಕುವ ಮುಂಚೆ ಕೋಲಿನಿಂದ ಒಮ್ಮೆ ತಟ್ಟಿ. ಚೇಳಿಗೂ ಹಾವಿಗೂ ಬೆಚ್ಚಗಿನ ಜಾಗ ಗೊತ್ತು.

ಒಣಗಿದ್ದು ಹೇಗೆ ಗೊತ್ತಾಗುತ್ತದೆ?

ಗೆಣ್ಣಿನಿಂದ ತಟ್ಟಿ ಸದ್ದು ಕೇಳುವವರಿದ್ದಾರೆ. ನನ್ನ ಕಿವಿಗೆ ಅಷ್ಟು ನಂಬಿಕೆಯಿಲ್ಲ. ಒಟ್ಟುವ ದಿನವೇ ಒಂದು ಹಲಗೆ ತುಂಡಿನ ಎರಡು ತುದಿಗೂ ಪೇಂಟ್ ಬಳಿದು, ಒಟ್ಟಿಲಿನ ನಡು ಸಾಲಿನಲ್ಲಿ ಎಳೆದು ತೆಗೆಯಲು ಬರುವಂತೆ ಸಿಕ್ಕಿಸಿದೆ. ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗುವ ತಕ್ಕಡಿಯಲ್ಲಿ ಅದರ ತೂಕ. ಕೊಟ್ಟಿಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ. ಮೊದಲು ಸರಸರ ಇಳಿಯಿತು, ಮೇ ಹೊತ್ತಿಗೆ ನಿಧಾನವಾಯಿತು. ಮಳೆಗಾಲದಲ್ಲಿ ಸ್ವಲ್ಪ ಏರಿತು ಕೂಡ. ಗಾಳಿಯೇ ಒದ್ದೆ ಇರುವಾಗ ಮರ ಏನು ಮಾಡೀತು? ಹಲಗೆ ಅಲ್ಲಾಡಿಸದೆ ಹಾಗೇ ಬಿಟ್ಟೆ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಮತ್ತೆ ಇಳಿಯತೊಡಗಿತು.

ಈ ವರ್ಷ ಮಾರ್ಚ್ ಎರಡನೇ ವಾರ ಗೋಡೆ ಮೇಲೆ ಬರೆದದ್ದು 2 ಕಿಲೋ 350 ಗ್ರಾಂ. ಹದಿನೈದು ದಿನ ಬಿಟ್ಟು ತೂಗಿದರೆ ಅಷ್ಟೇ. ಇನ್ನೊಂದು ಹದಿನೈದು ದಿನ ಬಿಟ್ಟೆ. ಅಷ್ಟೇ. ಆಚಾರ್ರಿಗೆ ಫೋನ್ ಮಾಡಿ ಹಲಗೆ ತಯಾರಾಗಿದೆ ಅಂದೆ. ಸೀಸನ್ನು ಗೌಡ್ರೇ, ಎರಡು ಮನೆ ಕೆಲಸ ಇದೆ, ಮಳೆ ಹಿಡಿದ ಮೇಲೆ ಬರ್ತೀನಿ ಅಂದರು.